ಚೇತನಕುಮಾರ ಇಳಿಸಿದ ವೇಗ

ಹೈದರಾಬಾದಿನ ನಾರಾಯಣಗೂಡದ ಅಂಬವ್ವನ ಮಗ ಚೇತನಕುಮಾರನ್ನ ನೀವು ಬಸ್ ಸ್ಟಾಪಿನ್ಯಾಗ ನೋಡಿದ್ರ, ಇವ ಮೆಟಲ್ ಬ್ಯಾಂಡಿನ್ಯಾಗ ಡ್ರಮ್ಮು ಬಾರಸೋ ಮನುಷ್ಯ ಅಂತ ಆಣಿ ಮಾಡಿ ಹೇಳಿದ್ರೂ ನಂಬಂಗಿಲ್ಲ. ಇಸ್ತ್ರಿ ಅಂಗಿ, ಎಣ್ಣಿ ಹಚ್ಚಿ ಬಾಚಿದ ತಲಿ, ಕೈಯಾಗ ಬುತ್ತಿ ಡಬ್ಬಿ. ಅವ್ವ ಹಚ್ಚಿದ ವಿಭೂತಿ ಓಣಿ ಮೂಲಿ ದಾಟೂದ್ರಾಗ ಅರ್ಧ ಒರಸಿರತಿದ್ದ, ಇನ್ನರ್ಧ ಬೆವರು ಒರಸತಿತ್ತು. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನ್ಯಾಗ ಗುಳಿಗಿ ಪಟ್ಟಿ ಸರಿಯಾಗಿ ಮುಚ್ಚ್ಯಾವೋ ಇಲ್ಲೋ ನೋಡೂದು ಅವನ ಕೆಲಸ. ಅಲ್ಲಿ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ‘ಓ ಕ್ಯೂಸಿ, ಇಧರ್ ಆವೋ’ ಅಂತ ಕೆಲಸದ ಹೆಸರಿಲೆ ಕರೀತಿದ್ರು, ಇವ ಹೋಗ್ತಿದ್ದ.

ಅದ ಜೀಡಿಮೆಟ್ಲಾದಾಗ, ಪ್ಲಾಸ್ಟಿಕ್ ಬಕೀಟು ಮಾಡೋ ಕಾರ್ಖಾನಿ ಮಗ್ಗಲಿಗೆ ಒಂದು ತಗಡಿನ ಶೆಡ್ಡು. ಸಂಜಿಗೆ ಕೆಲಸ ಬಿಟ್ಟವ ಸೀದಾ ಅಲ್ಲಿ ಹೋಗಿ ಡ್ರಮ್ಮಿನ ಹಿಂದ ಕುಂತ ಅಂದ್ರ ಮುಗೀತು, ಅವ ಬ್ಯಾರೆ ಮನುಷ್ಯ. ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ನಾಲ್ಕು ಬುದ್ಧಿ ಇದ್ದಂಗ ಓಡತಿದ್ವು. ಅವರ ಬ್ಯಾಂಡಿನ ಹೆಸರು ಸಿಡಿಬಂಡೆ. ಹಾಡು ಕನ್ನಡದಾಗ ಅದಾವ ಅಂತ ಅವರು ಹೇಳ್ತಾರ, ನಾವು ನಂಬಬೇಕು. ಆ ಒದರಾಟದಾಗ ಯಾವುದು ಕನ್ನಡ ಯಾವುದು ತೆಲುಗು ಅಂತ ಸಾಕ್ಷಾತ್ ಸರಸ್ವತಿಗೂ ತಿಳಿಯಂಗಿಲ್ಲ. ಅಂಬವ್ವ ಒಮ್ಮೆ ಮಗನ ಫೋನಿನ್ಯಾಗ ಕೇಳಿ, ಯಾರ ಮನ್ಯಾಗ ಹೆಣ ಬಿತ್ತಪಾ ಅಂತ ಗಾಬರಿ ಆಗಿದ್ಲು.

ಈ ಹುಚ್ಚು ಅವಗ ಎಲ್ಲಿಂದ ಹತ್ತಿತು ಅಂದ್ರ, ಈ ಊರಿನ ಗಣಪತಿ ಹಬ್ಬದಿಂದ. ಅವರ ಮಂದಿ ಲಿಂಗಸೂಗೂರು ಕಡಿಯವರು. ಅಪ್ಪ ಅಮರೇಶಪ್ಪ ಸುಲ್ತಾನ್ ಬಜಾರಿನ್ಯಾಗ ಸೀರಿ ಅಂಗಡಿ ಗಲ್ಲೇದ ಮ್ಯಾಲೆ ಕುಂತು ತಲಿ ಬೆಳ್ಳಗ ಮಾಡ್ಕೊಂಡ ಗಂಭೀರ ಮನುಷ್ಯ. ಒಂದು ವರ್ಷ ಗಣಪತಿ ಮೆರವಣಿಗಿ ಅಂಗಡಿ ಮುಂದ ಬಂದಾಗ, ತೀನ್‌ಮಾರ್ ತಾಳ ಬಾರಸೋ ಗುಂಪಿನ ನಡುವ ಕೊಳ್ಳಾಗ ಡಪ್ಪು ಹಾಕ್ಕೊಂಡು ಕುಣಿಯೋ ತನ್ನ ಮಗನ್ನ ಕಂಡು ಕೈಯಾಗಿನ ಸೀರಿ ಹಂಗ ಕೆಳಗ ಬಿಟ್ಟ. ಮನಿಗೆ ಬಂದಮ್ಯಾಲೆ ಲಿಂಗ ಇರೋ ಕೊಳ್ಳಾಗ ಡಪ್ಪು ಜೋತು ಬಿಟ್ಟೀಯೇನಲೆ ಅಂತ ಬೈದ ಬೈಗಳ ಓಣಿ ಕೊನಿತನ ಕೇಳಿಸಿತು. ಹುಡುಗ ಬೈಗಳದ ತಾಳಕ್ಕ ಬಟ್ಟಿಲೆ ಗ್ವಾಡಿ ಬಡೀತಿದ್ದ. ಅಂಥವಗ ಏನು ಹೇಳ್ತೀರಿ.

ಸಿಡಿಬಂಡೆಗೆ ಅವ ಬಂದದ್ದು ಬದಲಿ ಆಳಾಗಿ. ಮೊದಲಿನ ಡ್ರಮ್ಮರು ಗಾಡಿ ಮ್ಯಾಲಿಂದ ಬಿದ್ದು ಮುಂಗೈ ಮುರ್ಕೊಂಡಿದ್ದ. ಎರಡು ಶೋ ಅಷ್ಟ ಬಾರಸು ಅಂತ ಕರದ್ರು. ಎರಡು ಶೋಗ ಬಂದವ ಆರು ವರ್ಷ ಆದ್ರೂ ಎದ್ದಿರಲಿಲ್ಲ. ಆ ಮೊದಲಿನವ ಕೈ ಕೂಡಿದ ಮ್ಯಾಲೆ ಕೆಲವು ದಿವಸ ಶೋ ನೋಡಾಕ ಬರತಿದ್ದ, ಹಿಂದ ಗ್ವಾಡಿಗೆ ಆನಿಕಿ ನಿಂತು ಕೇಳಿ ಹೋಗ್ತಿದ್ದ. ಆಮ್ಯಾಲೆ ಬರೂದು ಬಿಟ್ಟ. ಚೇತನ ಆ ಮಾರಿ ಮರತಿರಲಿಲ್ಲ.

ಗಿಟಾರಿನವ ತರುಣ, ಕುಂದಾಪುರದವ. ಬಾಯಿ ತಗದ್ರ ‘ಮಾರಾಯ’. ಬೇಸ್ ಬಾರಸೋ ಶ್ರೀಕರ ಇಲ್ಲೇ ತೆಲುಗಿನವ. ಹಾಡಾಕಿ ಮಧುರಾ, ಮೈಸೂರಿನ ಹೆಣ್ಣುಮಗಳು, ಸಾಫ್ಟ್‌ವೇರ್ ಕಂಪನ್ಯಾಗ ಕೆಲಸ, ಮಿಯಾಪುರದಾಗ ಗಂಡ ಚಂದ್ರಕಾಂತ ಮತ್ತ ಎರಡೂವರಿ ವರ್ಷದ ಮಗಳು ನಿರೀಕ್ಷಾ. ನೋಡಾಕ ಕಡ್ಡಿ ಇದ್ದಂಗ ಇದ್ಲು. ಮೈಕ್ ಹಿಡದ್ಲಂದ್ರ ಹಾಲಿನ ಹಿಂದಿನ ಸಾಲಿನವರೂ ಬೆನ್ನು ನೆಟ್ಟಗ ಮಾಡತಿದ್ರು.

ಇವರ ಕಸುಬಿನ ಒಂದು ಪದ್ಧತಿ ನಿಮಗ ಹೇಳಬೇಕು, ಇಲ್ಲಾಂದ್ರ ಮುಂದಿನ ಗೋಳು ತಿಳಿಯಂಗಿಲ್ಲ. ಬಾರಸೋ ಮುಂದ ನಾಲ್ಕೂ ಮಂದಿ ಕಿವ್ಯಾಗ ಒಂದು ಸಣ್ಣ ಯಂತ್ರ ಇರತೈತಿ; ಅದರಾಗ ಲ್ಯಾಪ್‌ಟಾಪಿನಿಂದ ಟಿಕ್, ಟಿಕ್ ಅಂತ ಸದ್ದು ಬರತೈತಿ. ಜನಕ್ಕ ಅದು ಕೇಳಸಂಗಿಲ್ಲ. ಆ ಟಿಕ್ಕಿನ ವೇಗಕ್ಕ ಎಲ್ಲಾರೂ ಬಾರಸಬೇಕು, ಹಾಡಬೇಕು. ಲ್ಯಾಪ್‌ಟಾಪು ಇರೂದು ಡ್ರಮ್ಮರಿನ ಮಗ್ಗಲಿಗೆ, ವೇಗದ ಅಂಕಿ ಹಾಕೋದು ಅವನ. ಬ್ಯಾರೆ ಯಾರೂ ಮುಟ್ಟಂಗಿಲ್ಲ. ಇನ್ನೊಂದು ಮಾತು: ಸ್ಟೇಜಿನ ಮ್ಯಾಲೆ ರಕ್ತ ಬಿಸಿ ಆದಾಗ ಸರಿಯಾದ ವೇಗನೂ ನಿಧಾನ ಅನಸತೈತಿ. ಹಿಂಗಾಗಿ ಇವರೊಳಗ ಒಂದು ಕಟ್ಟುನಿಟ್ಟು ಇತ್ತು, ಮನಸು ಸುಳ್ಳು ಹೇಳತೈತಿ, ಟಿಕ್ಕು ಹೇಳಂಗಿಲ್ಲ. ಯಾರರ ‘ಇವತ್ತು ಯಾಕೋ ನಿಧಾನ’ ಅಂದ್ರ ಉಳದವರು ನಗ್ತಿದ್ರು.

ಎರಡು ವರ್ಷ ಗುದ್ದಾಡಿ ಅವರು ಮೊದಲನೇ ಆಲ್ಬಮ್ ಮುಗಿಸಿದ್ರು. ಹೆಸರು ‘ಹೂತ ಬಾವಿ’. ಅದ ಹೆಸರಿನ ಕಡೀ ಹಾಡಿನ ತುದಿಗೆ ಮಧುರಾಂದು ಒಂದು ಕೂಗು ಬರತೈತಿ. ಒಂದ ಉಸಿರಿನ್ಯಾಗ ಎತ್ತಿದ್ದು, ಕೆಳಗ ಡ್ರಮ್ಮು ದಡದಡ ಓಡಿ ಲೆಕ್ಕ ಮುಗಿಸೋತನ ಆಕಿ ಬಿಡಂಗಿಲ್ಲ. ಕೇಳಿದವರಿಗೆ ತಮ್ಮ ಉಸಿರು ಕಟ್ಟತೈತಿ. ಸ್ಟುಡಿಯೋದಾಗ ಮೊದಲನೇ ಸಲಕ್ಕ ಅದು ಸರಿ ಬಂದಾಗ ಆಕಿ ಯಾಕೋ ಅತ್ತಿದ್ಲು. ಆಲ್ಬಮ್ ಬಿಡುಗಡಿಗೆ ಮೂರು ಶೋ ಗೊತ್ತಾದ್ವು: ಪುಣೆ, ಬೆಂಗಳೂರು, ಕಡೀಕ ತಮ್ಮ ಹೈದರಾಬಾದು.

ಮಳಿಗಾಲ ಮುಗಿಯೋ ಹೊತ್ತಿಗೆ ಚೇತನಗ ಚಿಕೂನ್‌ಗುನ್ಯಾ ಬಂತು. ಆ ವರ್ಷ ಅವರ ಓಣ್ಯಾಗ ಮನಿಗೊಬ್ಬರು ಮಲಗಿದ್ರು, ಅದೇನು ದೊಡ್ಡ ಸುದ್ದಿ ಅಲ್ಲ. ಜ್ವರ ಹೋತು. ನೋವು ಮಾತ್ರ ಬಂದ ಬೀಗರಂಗ ಕುಂತುಬಿಡ್ತು. ಮುಂಜಾನೆ ಎದ್ದ್ರ ಬಟ್ಟು ಮಡಚಾಕ ಆಗತಿರಲಿಲ್ಲ, ನಳದ ತಿರುಪು ಹಿಡಿಯಾಕ ಆಗತಿರಲಿಲ್ಲ. ಡಾಕ್ಟರು, ಕೆಲವರಿಗೆ ವಾರದಾಗ ಹೋಗತೈತಿ, ಕೆಲವರಿಗೆ ತಿಂಗಳಾನುಗಟ್ಟಲೆ ಇರತೈತಿ, ಕೈಗೆ ವಿಶ್ರಾಂತಿ ಕೊಡ್ರಿ ಅಂದ್ರು. ಡ್ರಮ್ಮರಿಗೆ ಕೈಗೆ ವಿಶ್ರಾಂತಿ ಕೊಡು ಅಂದ್ರ ಮೀನಿಗೆ ನೀರಿಂದ ಸ್ವಲ್ಪ ದೂರ ಇರು ಅಂದಂಗ.

ಅಂಬವ್ವ ಔಡಲ ಎಲಿ ಬಿಸಿ ಮಾಡಿ ಮಗನ ಮುಂಗೈಗೆ ಕಟ್ಟಿದ್ಲು. ಕಟ್ಟತಾ ಕಟ್ಟತಾ, ಆ ಡೋಲು ಬಿಡೋ ಯಪ್ಪಾ, ಬಾರಸಿದ್ದು ಸಾಕು ಅಂದ್ಲು. ಅವ ಹೂಂ ಅಂದ. ಆಮ್ಯಾಲೆ ಜೀಡಿಮೆಟ್ಲಾಕ್ಕ ಹೋಗಿ ಬ್ಯಾಂಡಿನವರು ಬರೋಕ್ಕಿಂತ ಮೊದಲ ಶೆಡ್ಡಿನ್ಯಾಗ ಒಬ್ಬನ ಕುಂತು ಬಾರಸಿ ನೋಡಿದ. ‘ಹೂತ ಬಾವಿ’ಯ ಅರ್ಧಕ್ಕ ಬರೂದ್ರಾಗ ಕೈ ಹಿಂದ ಬಿದ್ವು. ಟಿಕ್ಕು ಮುಂದ ಹೋತು, ಇವ ಹಿಂದ ಉಳದ. ಮತ್ತೊಮ್ಮೆ ಹಚ್ಚಿದ, ಮತ್ತ ಅದ ರಾಗ ಅದ ಹಾಡು. ಸಿಕಂದರಾಬಾದಿನ್ಯಾಗ ಒಬ್ಬ ಡ್ರಮ್ಮರು ಇದ್ದ. ಸಿಡಿಬಂಡೆ ಹಾಡು ಎಲ್ಲಾ ಬಾರಿಸಿ ಇಂಟರ್ನೆಟ್ಟಿಗೆ ಹಾಕತಿದ್ದ. ಒಂದು ಫೋನ್ ಮಾಡಿದ್ರ ಓಡಿ ಬರೋ ಮನುಷ್ಯ. ‘ಎರಡು ಶೋಗ’ ಅಂತನ ಬರತಿದ್ದ ಅವನೂ.

ಶೆಡ್ಡಿನ ಹೊರಗ ತರುಣನ ಗಾಡಿ ಸದ್ದು ಕೇಳಿಸಿತು. ಚೇತನ ಲ್ಯಾಪ್‌ಟಾಪು ಎಳಕೊಂಡು ಎಲ್ಲಾ ಹಾಡಿನ ಅಂಕಿ ಸ್ವಲ್ಪ, ಬರೇ ಸ್ವಲ್ಪ, ಇಳಿಸಿದ. ನೋಡ್ರಿ, ಕಳ್ಳತನ ಅಂದ್ರ ಗ್ವಾಡಿ ಒಡದು ಒಳಗ ಹೋಗೋದ ಆಗಬೇಕಂತಿಲ್ಲ.

ಯಾರಿಗೂ ಗೊತ್ತಾಗಲಿಲ್ಲ. ಹೆಂಗ ಗೊತ್ತಾಗಬೇಕು? ಟಿಕ್ಕು ಹೇಳಿದ್ದ ಖರೆ ಅಂತ ನಂಬಿದವರು. ಪುಣೆ ಶೋ ಮುಗದಮ್ಯಾಲೆ ತರುಣ, ಇವತ್ತು ಯಾಕೋ ಎತ್ತಿನ ಬಂಡಿ ಅನ್ನಿಸ್ತು ಮಾರಾಯ ಅಂದ. ಶ್ರೀಕರ ನಕ್ಕ, ನಿನಗ ಯಾವತ್ತರ ಜೋರು ಅನಸೇತೇನು ಅಂದ. ಅಷ್ಟಕ್ಕ ಮುಗೀತು. ಕಡೀ ಕೂಗಿನ್ಯಾಗ ಮಧುರಾನ ಉಸಿರು ತುದಿಗೆ ಸ್ವಲ್ಪ ಕಡಿಮಿ ಬಿತ್ತು. ಪ್ರವಾಸದ ಧೂಳು ಅಂದ್ಲು. ವೇಗ ಇಳದ್ರ ಅದ ಹಾಡು ಹೆಚ್ಚು ಹೊತ್ತು ನಡಿಯತೈತಿ, ಅದ ಕೂಗು ಉದ್ದ ಆಗತೈತಿ, ಆಕಿ ಉಸಿರು ಮಾತ್ರ ಇದ್ದಷ್ಟ ಇರತೈತಿ. ಇಷ್ಟು ಸಣ್ಣ ಮಾತು ಚೇತನನ ತಲಿಗೆ ಆವಾಗ ಹೊಳೀಲಿಲ್ಲ. ಅವ ತನ್ನ ಕೈ ನೋಡ್ಕೊಳ್ಳೋದ್ರಾಗ ಇದ್ದ.

ಪುಣೆಯಿಂದ ಬಂದಮ್ಯಾಲೆ ಬಟ್ಟು ಇನ್ನಷ್ಟು ಬಾತ್ವು. ಬೆಂಗಳೂರಿಗೆ ಹೋಗೋ ಮೊದಲು ಅಂಕಿ ಮತ್ತೊಂದು ಸಲ ಇಳೀತು. ಒಮ್ಮೆ ಕದ್ದವಗ ಎರಡನೇ ಸಲ ಕೈ ನಡಗಂಗಿಲ್ಲ.

ಬೆಂಗಳೂರಿನ್ಯಾಗ ಮಧುರಾನ ಕೂಗು ನಡುವ ತುಂಡಾತು. ಆಕಿ ಜನದ ಕಡೆ ಬೆನ್ನು ಮಾಡಿ, ಮೊಣಕಾಲ ಮ್ಯಾಲೆ ಕೈ ಊರಿ ಬಗ್ಗಿ ನಿಂತ್ಲು. ಜನ ತಾವ ಒದರಿ ಆ ಜಾಗ ತುಂಬಿಸಿದ್ರು, ಕುಣದ್ರು, ಯಾರಿಗೂ ಕಮ್ಮಿ ಅನ್ನಿಸಲಿಲ್ಲ. ಡ್ರಮ್ಮಿನ ಹಿಂದಿನಿಂದ ಚೇತನಗ ಮಾತ್ರ ಆಕಿ ಮಾರಿ ಕಾಣತಿತ್ತು. ಆ ಮಾರ್‍ಯಾಗ ಇದ್ದದ್ದು ದಣಿವಲ್ಲ, ಅಂಜಿಕಿ.

ಮರುದಿನ ಮುಂಜಾನೆ ರೈಲು ಮಹಬೂಬನಗರ ದಾಟಿತ್ತು. ತರುಣ, ಶ್ರೀಕರ ಮ್ಯಾಲಿನ ಬರ್ತಿನ್ಯಾಗ ಗೊರಕಿ ಹೊಡೀತಿದ್ರು. ಮಧುರಾ ಮಾಸ್ಕ್ ಹಾಕ್ಕೊಂಡು ಕಿಟಕಿ ಹಂತ್ಯಾಕ ಕುಂತಿದ್ಲು. ಚೇತನ ಚಹಾ ತಂದು ಆಕಿ ಮುಂದ ಇಟ್ಟ, ತನ್ನ ಕಪ್ಪು ಎರಡೂ ಅಂಗೈ ನಡುವ ಒತ್ತಿ ಹಿಡಕೊಂಡ. ಆಕಿ ತಗೊಳ್ಳಲಿಲ್ಲ, ಸ್ವಲ್ಪ ದೂರ ಸರದು ಕುಂತ್ಲು. ಆಮ್ಯಾಲೆ ಮನಿ ಹೊರಗ ಯಾರಿಗೂ ಹೇಳದ ಮಾತು ಹೇಳಿದ್ಲು. ಮಗಳು ಹುಟ್ಟಿದಮ್ಯಾಲೆ ಆಕಿಗೆ ಟಿಬಿ ಆಗಿತ್ತು. ಬ್ಯಾಂಡಿನವರಿಗೆ ಬಾಣಂತನ ಅಂತ ಹೇಳಿ ಅಷ್ಟೂ ತಿಂಗಳು ಗುಳಿಗಿ ನುಂಗಿದ್ಲು. ಹಾಲುಗೂಸನ್ನ ಬ್ಯಾರೆಯವರ ಕೈಯಾಗ ಕೊಟ್ಟು ಬಾಗಲಾಚೆ ನಿಂತು ನೋಡಿದ್ಲು. ವಾಸಿ ಆಗೇತಿ ಅಂತ ಡಾಕ್ಟರು ಬರದು ಕೊಟ್ಟಿದ್ರು. ಸ್ಟುಡಿಯೋದಾಗ ಆ ಕೂಗು ಪೂರ್ತಿ ಬಂದ ದಿನನ ಆಕಿಗೆ ತಾ ಖರೇನ ವಾಸಿ ಆದೆ ಅಂತ ನಂಬಿಕಿ ಬಂದದ್ದು.

“ಈಗ ಮತ್ತೆ ಬಂದಿದೆ ಚೇತನ್,” ಅಂದ್ಲು. “ಕೆಮ್ಮಿಲ್ಲ, ಜ್ವರ ಇಲ್ಲ, ಆದ್ರೆ ಉಸಿರು ನಿಲ್ತಾ ಇಲ್ಲ. ಪುಣೆಯಿಂದ ಬಂದಾಗಿಂದ ಪಾಪೂನ ಮುಟ್ಟಿಲ್ಲ ನಾನು.”

ಪರೀಕ್ಷೆ ಮಾಡಸು ಅಂದ ಅವ. ಮಾಡಸಂಗಿಲ್ಲ ಅಂದ್ಲು. ಹೌದು ಅಂತ ಬಂದ್ರ ಹೈದರಾಬಾದಿನ ಶೋ ಮುಳುಗತೈತಿ, ಎರಡು ವರ್ಷದ ಕೆಲಸ ಮುಳುಗತೈತಿ. ಆ ಶೋ ಮುಗಿಸಿ ಪರೀಕ್ಷೆಗೆ ಹೋಗಾಕಿ, ಹಾಡೂದು ಅವತ್ತಿಗೆ ಬಿಡಾಕಿ. ಅಲ್ಲಿತನ ಮಗಳಿಂದ ದೂರ ಇರತೀನಿ, ಗಂಡಗ ಬರೇ ನೆಗಡಿ ಅಂತ ಹೇಳೀನಿ, ಯಾರಿಗೂ ಹೇಳಬ್ಯಾಡ ಅಂದ್ಲು.

ಚೇತನಗ ಈಗ ಲೆಕ್ಕ ಹೊಳೀತು. ಆಕಿ ಉಸಿರು ಎಲ್ಲೂ ಹೋಗಿರಲಿಲ್ಲ. ಅವ ಅದಕ್ಕ ಹಾದಿ ಉದ್ದ ಮಾಡಿದ್ದ, ಅಷ್ಟ. ಹೇಳಬೇಕಂದ್ರ ವೇಗ ಯಾಕ ಇಳಿಸಿದೆ ಅಂತ ಕೇಳತಾರ; ಕೈ ತೋರಸಬೇಕು; ಕೈ ತೋರಿಸಿದ್ರ ಸಿಕಂದರಾಬಾದಿಗೆ ಫೋನು. ಬಿಸಿ ತುಪ್ಪ ಬಾಯಾಗ ಹಾಕ್ಕೊಂಡಂಗ, ಉಗುಳಾಕೂ ಆಗವಲ್ದು, ನುಂಗಾಕೂ ಆಗವಲ್ದು. ಕಾಚಿಗೂಡ ಬರೋತನ ಅವ ಬಾಯಿ ಬಿಡಲಿಲ್ಲ. ನನಗ ಅವನ ಮ್ಯಾಲೆ ಸಿಟ್ಟು ಬರೂದು ಇಲ್ಲೇ ನೋಡ್ರಿ. ಅಂಕಿ ಇಳಿಸಿದ್ದು ಹೋಗಲಿ, ಕೈನೋವು ಮನುಷ್ಯಾಗ ಏನೇನೋ ಮಾಡಸತೈತಿ. ಆ ರೈಲಿನ್ಯಾಗ ಸುಮ್ನ ಕುಂತದ್ದು ಐತಲ್ಲ, ಅದಕ್ಕ ಯಾವ ಡಾಕ್ಟರ ಚೀಟಿನೂ ಇಲ್ಲ.

ಮನ್ಯಾಗ ಅವಗ ಊಟ ಸೇರಲಿಲ್ಲ. ಅಂಬವ್ವ ರೊಟ್ಟಿ ಮುರದು ಪಲ್ಯಾದಾಗ ಅದ್ದಿ ಅದ್ದಿ ಇಟ್ಲು, ಎದಕ್ಕ ಕೊರಗಾಕತ್ತಿ ಅಂತ ಕೇಳಿದ್ಲು. ಕೈನೋವು ಅಂದ. ಕೈನೋವು ಇದ್ದವರು ಕೈ ನೋಡ್ಕೋತಾರ, ನೀ ಗ್ವಾಡಿ ನೋಡಾಕತ್ತೀದಿ ಅಂದ್ಲು ಆಕಿ. ತಾಯಿ ಕಣ್ಣಿಗೆ ಮಣ್ಣು ಎರಚೋದು ಸುಲಭ ಅಲ್ಲ. ಕಾರ್ಖಾನ್ಯಾಗ ಗುಳಿಗಿ ಪಟ್ಟಿ ಕಣ್ಣ ಮುಂದ ಹೋಗ್ತಿದ್ವು, ಅವಗ ಒಂದೂ ಕಾಣತಿರಲಿಲ್ಲ. ಎಷ್ಟು ತಿಂಗಳು ಆಕಿ ಇಂಥವ ನುಂಗ್ಯಾಳ ಅಂತ ಅದ ಒಂದ ವಿಚಾರ ತಲ್ಯಾಗ.

ಕಡೀಕ ತಡಿಯಾಕ ಆಗಲಾರದ ಮೆಟ್ರೊ ಹತ್ತಿ ಮಿಯಾಪುರಕ್ಕ ಹೋದ. ಬಾಗಲಾ ತಗದಾಕಿ ಮಧುರಾ, ಮಾರಿಗೆ ಮಾಸ್ಕು. ಹಾಲಿನ್ಯಾಗ ಆಕಿ ಹಾಸಿಗಿ, ಆಕಿ ತಾಟು, ಆಕಿ ಲೋಟ, ಎಲ್ಲಾ ಬ್ಯಾರೆ ಇಟ್ಟಿತ್ತು. ಒಳಗಿನ ಖೋಲಿ ಬಾಗಲಾ ಹಾಕಿತ್ತು, ಆಚೆ ಕಡೆ ಕೂಸು ಬಡೀತಿತ್ತು. ಚಂದ್ರಕಾಂತ ಒಳಗ ಏನೋ ಹೇಳಿ ಸಮಾಧಾನ ಮಾಡತಿದ್ದ. ಕೂಸು ಅವ್ವನ್ನ ಕರದು ಕರದು ಸಾಕಾಗಿ, ಬಾಗಲಾ ಕೆಳಗಿನ ಸಂದಿನಿಂದ ಒಂದು ಬಿಸ್ಕೀಟು ಹೊರಗ ದಬ್ಬಿತು. ಮಧುರಾ ಅದನ್ನ ಎತ್ತಿಕೊಂಡು ತಿಂದಂಗ ಸಪ್ಪಳ ಮಾಡಿ, ಥ್ಯಾಂಕ್ಸ್ ಬಂಗಾರ ಅಂದ್ಲು. ಬಿಸ್ಕೀಟು ಆಕಿ ಕೈಯಾಗ ಹಂಗ ಇತ್ತು.

“ಮಧುರಾ, ನಿನಗ ಏನೂ ಆಗಿಲ್ಲ,” ಅಂದ. “ನಾ ವೇಗ ಇಳಿಸೀನಿ. ಪುಣೆದಾಗ ಒಮ್ಮೆ, ಬೆಂಗಳೂರಾಗ ಒಮ್ಮೆ. ಅದಕ್ಕ ಉಸಿರು ಸಾಲವಲ್ದು.”

ಆಕಿ ಅವನ ಮಾರಿ ನೋಡಿದ್ಲು. “ಯಾಕೆ ಇಳಿಸಿದೆ?”

ಇದೊಂದು ಪ್ರಶ್ನಿ. ಅವನ ಎರಡೂ ಕೈ ಪ್ಯಾಂಟಿನ ಕಿಸೇದಾಗ ಇದ್ವು. ತಗದು ತೋರಿಸಿದ್ರ ಮುಗೀತಿತ್ತು. ನಾಲಿಗಿ ತುದಿತನ ಬಂತು. ಗ್ವಾಡಿಗೆ ಆನಿಕಿ ನಿಂತ ಆ ಹಳೇ ಡ್ರಮ್ಮರಿನ ಮಾರಿ ಅಡ್ಡ ಬಂತು.

“ಸುಮ್ನ… ನಿಧಾನ ಆದ್ರ ಚಂದ ಕೇಳಸತೈತಿ ಅಂತ,” ಅಂದ.

ಮಧುರಾ ಮಾಸ್ಕಿನ ಹಿಂದ ನಕ್ಲು, ಕಣ್ಣು ನಗಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳಬೇಡ ಅಂದ್ಲು. ನಿನ್ನ ತಾಳ ನೋಡಿ ಜನ ಗಡಿಯಾರ ಸರಿ ಮಾಡ್ಕೋತಾರೆ, ನೀನು ಸುಮ್ಮನೆ ವೇಗ ಇಳಿಸ್ತೀಯಾ ಅಂದ್ಲು. ಅವ ಶೋ ವಿಡಿಯೋ ಹಚ್ಚಿ ಆಲ್ಬಮ್ಮಿನ ವೇಗದ ಜೋಡಿ ಕೂಡಿಸಿ ನೋಡು ಅಂದ, ಆಕಿ ಕೈ ಅಡ್ಡ ಮಾಡಿದ್ಲು. ಹೋದ ಸಲನೂ ಹಿಂಗ ಆಗಿತ್ತಂತ. ಏನೂ ಇಲ್ಲ, ಬಾಣಂತಿ ಸುಸ್ತು, ಧೂಳು, ಚಳಿ ಅಂತ ಎಲ್ಲಾರೂ ಒಂದೊಂದು ಹೇಳಿದ್ರಂತ. ಅಷ್ಟೂ ದಿನ ಆಕಿ ಕೂಸಿಗೆ ಮುದ್ದು ಕೊಟ್ಟಿದ್ಲಂತ. ಇನ್ನೊಮ್ಮೆ ಯಾರ ಸಮಾಧಾನದ ಮಾತೂ ನಂಬಂಗಿಲ್ಲ ಅಂತ ಅವತ್ತ ಗಟ್ಟಿ ಮಾಡ್ಕೊಂಡಿದ್ಲು. ಹೊರಡು ಚೇತನ್, ನಿನಗೂ ಅಂಟಿಕೊಂಡೀತು ಅಂತ ಬಾಗಲಾ ಮುಚ್ಚಿದ್ಲು. ಅರ್ಧ ಖರೆ ಹೇಳಿದವನ ಗತಿ ಇಷ್ಟ. ಪೂರಾ ಸುಳ್ಳು ಹೇಳಿದವರನ್ನರ ಜನ ನಂಬತಾರ.

ಲಿಫ್ಟಿನ್ಯಾಗ ಇಳೀತಾ ಅವ ಒಂದು ನಿರ್ಧಾರ ಮಾಡಿದ. ಬಾಯಿ ಮಾತು ಆಕಿ ನಂಬಂಗಿಲ್ಲ, ಆಕಿ ಉಸಿರು ಹೇಳಿದ್ರ ನಂಬತಾಳ. ಹೈದರಾಬಾದಿನ್ಯಾಗ ಮೊದಲಿನ ವೇಗಕ್ಕ ಬಾರಸಬೇಕು. ಕೂಗು ತುದಿ ಮುಟ್ಟಿತಂದ್ರ ಆಕಿ ಮನಿಗೆ ಹೋಗಿ ಕೂಸಿನ್ನ ಎತ್ಕೋತಾಳ. ತನ್ನ ಕೈ ಸುದ್ದಿ ಯಾರಿಗೂ ಗೊತ್ತಾಗೂದು ಬ್ಯಾಡ. ನೋಡ್ರಿ ಅವನ ಆಸೆ: ಎರಡು ದೋಣಿ ಮ್ಯಾಲೆ ಎರಡು ಕಾಲು, ಅದೂ ತುಂಬಿದ ಹೊಳ್ಯಾಗ.

ಶೋ ಇದ್ದದ್ದು ರವಿವಾರ ಸಂಜಿ ಐದಕ್ಕ, ಗಚ್ಚಿಬೌಲಿ ಕಡಿ ಒಂದು ಹಾಲಿನ್ಯಾಗ. ಅಂಕಿ ಮೊದಲಿನ ಜಾಗಕ್ಕ ಏರಿಸಿದ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ನೋವಿನ ಗುಳಿಗಿ ನುಂಗಿದ. ಬಟ್ಟು ಸ್ಟಿಕ್ಕಿನ ಸುತ್ತ ಮುಚ್ಚತಿರಲಿಲ್ಲ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೊಂಡು, ಬಟ್ಟೆ ಟೇಪು ಹಲ್ಲಿಲೆ ಹರದು, ಒಂದೊಂದು ಸ್ಟಿಕ್ಕು ಒಂದೊಂದು ಅಂಗೈಗೆ ಕೂಡಿಸಿ ಸುತ್ತಿದ. ಎರಡನೇ ಕೈಗೆ ಸುತ್ತಾಕ ಅವ ಪಟ್ಟ ಪಾಡು ದೇವರಿಗೆ ಪ್ರೀತಿ. ಏನದು ಅಂತ ತರುಣ ಕೇಳಿದ್ದಕ್ಕ, ಅಂಗೈ ಮ್ಯಾಲೆ ಗುಳ್ಳಿ ಎದ್ದಾವ ಅಂದ. ಡ್ರಮ್ಮರುಗಳಿಗೆ ಗುಳ್ಳಿ ಏಳೂದು ಹೊಸದಲ್ಲ, ತರುಣ ಸುಮ್ಮನಾದ.

ಮೊದಲನೇ ಹಾಡಿಗೆ ತರುಣ ಹೊಳ್ಳಿ ನೋಡಿ ಹಲ್ಲು ಕಿರದ, ಇದಪ್ಪಾ ಅನ್ನೋ ಹಂಗ. ಎರಡನೇದಕ್ಕ ಚೇತನನ ಮುಂಗೈಯಾಗ ಯಾರೋ ಸೂಜಿ ಇಟ್ಟು ತಿರುವಿದಂಗ ಆತು. ಮೂರನೇದಕ್ಕ ಗುಳಿಗಿ ಶಕ್ತಿ ಮುಗೀತು. ಆಮ್ಯಾಲಿನ ಹಾಡು ಅವ ಹೆಂಗ ಬಾರಿಸಿದ ಅಂತ ಅವಗೂ ಗೊತ್ತಿಲ್ಲ. ಎದ್ದು ಹೋಗಾಕ ಬರಂಗಿಲ್ಲ, ನಿಲ್ಲಸಾಕ ಬರಂಗಿಲ್ಲ, ಕೈ ಬಿಡಸಾಕನೂ ಬರಂಗಿಲ್ಲ. ಕಿವ್ಯಾಗ ಟಿಕ್ಕು ಓಡಾಕತ್ತಿತ್ತು, ತಾನ ಏರಿಸಿಟ್ಟ ಟಿಕ್ಕು. ತಾನ ಕಟ್ಟಿದ ಗೂಡಿನ್ಯಾಗ ತಾನ ಸಿಕ್ಕೊಂಡು ಅವ ಮೊಣಕೈಯಿಂದ, ಹೆಗಲಿನಿಂದ, ಎಲ್ಲಿಂದ ಬರತೈತೋ ಅಲ್ಲಿಂದ ಬಡದ.

‘ಹೂತ ಬಾವಿ’ ಸುರು ಆತು. ಮಧುರಾ ಕೂಗಿನ ಮೊದಲು ಕಣ್ಣು ಮುಚ್ಚಿದ್ಲು, ಇದು ಕಡೀ ಸಲ ಅಂತ ಅಂದುಕೊಂಡವರು ಮುಚ್ಚೋ ಹಂಗ. ಎತ್ತಿದ್ಲು. ಕೆಳಗ ಡ್ರಮ್ಮು ಓಡಿತು. ಬೆಂಗಳೂರಿನ್ಯಾಗ ತುಂಡಾದ ಜಾಗ ಬಂತು, ದಾಟಿತು. ಪುಣೆದಾಗ ಕಡಿಮಿ ಬಿದ್ದ ಜಾಗನೂ ದಾಟಿತು. ಚೇತನ ಅಳಾಕತ್ತಿದ್ದ, ಕಣ್ಣೀರು ಒರಸಾಕ ಕೈ ಇರಲಿಲ್ಲ. ಲೆಕ್ಕ ಮುಗೀತು, ಅವ ಕಡೀ ಏಟು ಹಾಕಿದ, ಆಕಿ ಕೂಗು ಇನ್ನೂ ಇತ್ತು. ಡ್ರಮ್ಮು ನಿಂತ ಮ್ಯಾಲೂ ಒಂದು ಗಳಿಗಿ ಆಕಿ ಉಸಿರು ಹಾಲಿನ ತುಂಬ ನಿಂತಿತ್ತು. ಆಕಿ ಕಣ್ಣು ತಗದು ಹಿಂದ ಹೊಳ್ಳಿ ಅವನ್ನ ನೋಡಿದ್ಲು.

ಜನ ಹುಚ್ಚೆದ್ದು ಒದರಿತು. ಶೋ ಮುಗದಾಗ ಡ್ರಮ್ಮರು ತನ್ನ ಸ್ಟಿಕ್ಕು ಜನದ ಕಡೆ ಒಗಿಯೋದು ಈ ಮಂದಿಯ ರೂಢಿ; ಸಿಕ್ಕವರು ಪ್ರಸಾದದಂಗ ಮನಿಗೆ ಒಯ್ತಾರ. ಮುಂದಿನ ಸಾಲಿನವರು ಕೈ ಎತ್ತಿ ಸ್ಟಿಕ್ಸ್, ಸ್ಟಿಕ್ಸ್ ಅಂತ ಕೂಗಿದ್ರು. ಚೇತನ ಕುಂತಲ್ಲೇ ಕುಂತಿದ್ದ. ತರುಣ, ಶ್ರೀಕರ ಸ್ಟೇಜಿನ ಅಂಚಿಗೆ ಹೋಗಿ ಜನರ ಕೈ ಮುಟ್ಟಾಕತ್ತಿದ್ರು. ಸ್ಟಿಕ್ಕು ತಾನ ಇಸಕೊಂಡು ಒಗಿಯೋಣ ಅಂತ ಮಧುರಾ ಡ್ರಮ್ಮಿನ ಹಿಂದ ಬಂದ್ಲು. ಅವನ ಕೈ ಹಿಡದು ನೋಡಿದ್ಲು. ಟೇಪು ರಕ್ತಕ್ಕ ಹಸಿ ಆಗಿತ್ತು, ಅದರ ಹೊರಗ ಕಾಣೋ ಬಟ್ಟು ಬಾತು ನೀಲಿಗಟ್ಟಿದ್ವು. ಒಂದರ ಮ್ಯಾಲೆ ಬಟ್ಟು ಇಟ್ಲು. ಅವನ ಇಡೀ ಮೈ ಮುದುಡಿತು.

ಆಕಿ ಬುದ್ಧಿವಂತಿ. ಕೇಳಬೇಕಾದ್ದು ಏನೂ ಉಳಿದಿರಲಿಲ್ಲ, ಆದ್ರೂ ಕೇಳಿದ್ಲು, ಇದಕ್ಕೇನಾ ಅಂತ. ಅವ ಗೋಣು ಹಾಕಿದ. ಯಾವಾಗಿಂದ ಅಂತ ಕೇಳಿದ್ಲು. ಪುಣೆಗಿಂತ ಮೊದಲಿಂದ ಅಂದ.

“ರೈಲಲ್ಲಿ ನಾನು ಹೇಳ್ದಾಗ ನಿಂಗೆ ಗೊತ್ತಿತ್ತು,” ಅಂದ್ಲು ಮಧುರಾ.

“ಗೊತ್ತಿತ್ತು.”

ಅವ ಇನ್ನೂ ಏನೋ ಹೇಳಾಕ ಹೋದ. ತಪ್ಪಾತು ಅನ್ನೋನಿದ್ದ, ಸಿಕಂದರಾಬಾದಿನವನ ಬಗ್ಗೆ ಹೇಳೋನಿದ್ದ, ಕಾರ್ಖಾನ್ಯಾಗ ತನ್ನ ಹೆಸರು ಯಾರಿಗೂ ಗೊತ್ತಿಲ್ಲ ಅಂತನೂ ಹೇಳೋನಿದ್ದ. ಆಕಿ ಅವನ ಕೈ ಮೆಲ್ಲಕ ಕೆಳಗ ಇಟ್ಲು, ನೋವಾಗದಂಗ, ಬ್ಯಾರೆಯವರ ವಸ್ತು ಇಟ್ಟಂಗ. ಬೈದಿದ್ರ ಚಲೋ ಇತ್ತು. ಆಕಿ ಬೈಲಿಲ್ಲ. ಸ್ಟೇಜಿನ ಮೂಲಿಗೆ ಹೋಗಿ, ಕೊಳ್ಳಾಗ ಇಳಿಬಿಟ್ಟಿದ್ದ ಮಾಸ್ಕು ತಗದು ಕಿಸೇದಾಗ ತುರುಕಿ, ಫೋನು ತಗದು ಮನಿಗೆ ಹಚ್ಚಿದ್ಲು. ಆ ಗದ್ದಲದಾಗೂ ಚೇತನಗ ಪ್ರತಿ ಮಾತೂ ಕೇಳಿಸಿತು.

“ಚಂದ್ರು, ಪಾಪುಗೆ ಊಟ ಹಾಕ್ಬೇಡ. ಸ್ವಲ್ಪ ತಡೀಲಿ. ನಾನೇ ಬಂದು ತಿನ್ನಿಸ್ತೀನಿ.”

ಮತ್ತ ಹಿಂದ ನೋಡದ ಮೆಟ್ಟಲ ಇಳದು ಹೋದ್ಲು. ಜನ ಇನ್ನೂ ಸ್ಟಿಕ್ಕಿಗೆ ಕೂಗಾಕತ್ತಿತ್ತು. ಚೇತನ ಟೇಪಿನ ತುದಿಗೆ ಹಲ್ಲು ಹಚ್ಚಿ ನೋಡಿದ, ಹಸಿ ಟೇಪು ಜಾರಿತು, ಬರಲಿಲ್ಲ. ಸ್ಟಿಕ್ಕು ಕಟ್ಟಿದ ಎರಡೂ ಕೈ ತೊಡಿ ಮ್ಯಾಲೆ ಇಟ್ಕೊಂಡು, ಯಾರರ ಬಂದು ಬಿಡಸೋತನ ಅವ ಅಲ್ಲೇ ಕುಂತ.